ಪದ ಬೇಕು, ತುರ್ತು: ಸತುವೋ ಜಿಂಕೋ?

ಪೊನ್ನಂಪೇಟೆಯಿಂದ:

ಗೆಳೆಯರೇ, ನಾಳೆ ಹನ್ನೊಂದಕ್ಕೆ ಅಂಗನವಾಡಿಯ ಫ್ಲೆಕ್ಸ್ ಅಚ್ಚಿಗೆ ಹೋಗಬೇಕು. ಎಳೆ ಮಕ್ಕಳ ರಕ್ತದಲ್ಲಿ ಜಿಂಕ್ ಕಮ್ಮಿ ಇರುವುದಕ್ಕೂ ನ್ಯುಮೋನಿಯಾದಂಥ ಸೋಂಕಿಗೂ ಇರುವ ನಂಟು, ಅದು ವಿಷಯ. ಕೈಗೆ ಬಂದ ಕನ್ನಡ ಹೀಗಿದೆ: ‘ಶಿಶುಗಳಲ್ಲಿ ಸತುವಿನ ಮಟ್ಟ ಹಾಗೂ ತೀವ್ರ ಶ್ವಾಸಾಂಗ ಸೋಂಕು’. ಇದನ್ನು ತೋಟದ ಕೂಲಿಯವರ ಲೈನ್ ಮನೆಯ ಒಬ್ಬ ತಾಯಿಗೆ ಓದಿ ಹೇಳಿದೆ. ಸೊಂಟದ ಮೇಲಿದ್ದ ಮಗುವಿನ ಮೂಗು ಸೋರುತ್ತಿತ್ತು. ಸೆರಗಲ್ಲಿ ಒರೆಸಿ, ‘ನನ್ನ ಮಗನಲ್ಲಿ ಸತುವಿಲ್ಲ ಅಂತೀರಾ? ಬಟ್ಟಲು ತುಂಬ ಅನ್ನ ಉಣ್ತಾನೆ’ ಅಂದು ಒಳಗೆ ಹೋದಳು. ಜಿಂಕ್ ಅಂತಲೇ ಹಾಕೋಣ ಅಂದ್ರೆ, ಹೋದ ಸಲ ಅಚ್ಚಿನವನು ‘ಜಿಂಕೆ ಮಾತ್ರೆ’ ಅಂತ ಹೊಡೆದಿದ್ದ. ನಮ್ಮದು ಕಾಡಂಚಿನ ಊರು. ಒಬ್ಬರೂ ನಗಲಿಲ್ಲ, ‘ಫಾರೆಸ್ಟ್‌ನವರು ಕೇಳಿದರೆ?’ ಅಂದರು.

ಮೈಸೂರಿನಿಂದ:

ಸತು. ಇದರಲ್ಲಿ ಚರ್ಚೆಗೆ ಏನಿದೆ? ಉದಯಪುರದ ಹತ್ತಿರದ ಝಾವರ್‌ನಲ್ಲಿ ಮಣ್ಣಿನ ಮೂಸೆ ಬೋರಲು ಹಾಕಿ ಈ ಲೋಹ ಇಳಿಸುತ್ತಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್‌ನವರು ಪೇಟೆಂಟ್ ಪಡೆದದ್ದು 1738ರಲ್ಲಿ, ನಮ್ಮವರು ಅದಕ್ಕೆ ನೂರಾರು ವರ್ಷ ಮುಂಚೆ. ಲೋಹ ತೆಗೆದವರು ನಾವು, ಜಿಂಕ್ ಅನ್ನೋ ಹೆಸರು ಜರ್ಮನ್ನರದಾ? ‘ಸತ್ವ’ವೇ ‘ಸತುವು’ ಆದದ್ದು. ಅದಿರಿನಿಂದ ಇಳಿಸಿದ ಸಾರಕ್ಕೂ ಸತ್ವ ಅನ್ನುತ್ತಿದ್ದರು. ಲೋಹದ ಹೆಸರೂ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಊಹೆ. ಆ ತಾಯಿಗೆ ತಪ್ಪು ತಿಳಿಯಲಿಲ್ಲ, ಬೇರು ತಿಳಿದಿದೆ.

ಮಡಿಕೇರಿಯಿಂದ:

ಮೇಷ್ಟ್ರೇ, ಝಾವರಿನವರು ಸತು ಅನ್ನಲಿಲ್ಲ. ಆ ಕಡೆ ಅದು ಜಸ್ತಾ. ತಮಿಳರಿಗೆ ತುತ್ತನಾಗಂ, ಗಡಿ ದಾಟಿದರೆ ಮಲಯಾಳದಲ್ಲಿ ನಾಕಂ. ನಿಮ್ಮ ಸತ್ವವೂ ಸಂಸ್ಕೃತದ ಸಾಲವೇ ಅಲ್ವಾ? ಆ ಸಾಲಕ್ಕೆ ಬಡ್ಡಿ ಇಲ್ಲ, ಜಿಂಕ್‌ಗೆ ಮಾತ್ರ ಇದೆ!

ಕೊಡಗಿನ ತೋಟಗಳಲ್ಲಿ ಜಿಂಕ್ ಎಲ್ಲರಿಗೂ ಗೊತ್ತು. ಕಾಫಿ ಎಲೆ ಸಣ್ಣಗಾಗಿ, ನರದ ನಡುವೆ ಹಳದಿ ತಿರುಗಿದರೆ ಜಿಂಕ್ ಸಲ್ಫೇಟ್ ಹೊಡೀತಾರೆ. ಮಾಡಿಗೆ ಹೊದಿಸುವುದೂ ಜಿಂಕ್ ಶೀಟೇ. ಹಾಗಂತ ಯಾರಾದರೂ ‘ತುತ್ತನಾಗ’ ಅಂತ ಸಲಹೆ ಕೊಟ್ಟಾರು, ದಮ್ಮಯ್ಯ, ಬೇಡ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕಲಸಿದ ಕೈಗಳು ಇಲ್ಲಿವೆ. ಮಗುವಿನ ಹತ್ತಿರವೂ ಬಿಡಲ್ಲ.

ಮೈಸೂರಿನಿಂದ:

ಗೊಬ್ಬರದ ಚೀಲ ನೋಡಿ ಕನ್ನಡ ಕಲಿಯುವುದಾದರೆ ಪದಕೋಶಗಳನ್ನು ಸುಡಿ.

ಸೋಮವಾರಪೇಟೆಯಿಂದ:

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಈಗ ನಿವೃತ್ತಿ. ನಿಮ್ಮ ಜಗಳ ಮುಂದುವರಿಸಿ, ನನಗೆ ತಕರಾರು ಇರುವುದು ಬೇರೆ ಪದಗಳ ಮೇಲೆ.

ಒಂದು, ‘ಮಟ್ಟ’. ಸೋಂಕು ಬಂದಾಗ ರಕ್ತದಲ್ಲಿ ಜಿಂಕ್ ತಾನಾಗೇ ಇಳಿಯುತ್ತೆ. ಜ್ವರದ ಮಗುವಿನ ರಕ್ತ ನೋಡಿ ‘ಕೊರತೆಯಿಂದಲೇ ಸೋಂಕು’ ಅಂತ ಬರೆಯಬೇಡಿ. ಕೊರತೆ ಜಾಸ್ತಿ ಇರುವ ಕಡೆ, 2 ತಿಂಗಳಿಂದ 5 ವರ್ಷದ ಮಕ್ಕಳಿಗೆ ತಪ್ಪದೆ ಕೊಟ್ಟಾಗ ನ್ಯುಮೋನಿಯಾ ಬರುವುದು ಸ್ವಲ್ಪ ತಗ್ಗಿದೆ, ನಿಜ. ಬಂದ ಮೇಲೆ ಕೊಟ್ಟರೆ ಬೇಗ ಗುಣವಾಗುತ್ತೆ ಅನ್ನಲು ಗಟ್ಟಿ ಆಧಾರ ಇಲ್ಲ. ಅಂಗನವಾಡಿಯ ಜಿಂಕ್ ಮಾತ್ರೆ ಭೇದಿಗೆ: ದಿನಕ್ಕೆ 20 ಮಿಲಿಗ್ರಾಂ, 6 ತಿಂಗಳೊಳಗಿನ ಕೂಸಿಗೆ 10, ಒಟ್ಟು 14 ದಿನ. ಕೆಮ್ಮಿಗೆ ಅಂತ ತಿಳಿದು ಕೊಟ್ಟುಬಿಟ್ಟಾರು.

ಇನ್ನು ‘ಶ್ವಾಸಾಂಗ’. ಯಾವ ತಾಯಿಯೂ ಆ ಮಾತು ಹೇಳಿಕೊಂಡು ವಾರ್ಡಿಗೆ ಬಂದದ್ದಿಲ್ಲ. ‘ಪಕ್ಕೆ ಸೆಳೀತಿದೆ ಸಿಸ್ಟರ್’ ಅನ್ನುತ್ತಿದ್ದರು. ಮಗುವಿನ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಿದ್ದೆವು. 2 ತಿಂಗಳಿಂದ ವರ್ಷದೊಳಗಿನ ಕೂಸಿಗೆ 50, ಆಮೇಲೆ 5 ವರ್ಷದವರೆಗೆ 40. ಅಷ್ಟಾದರೆ, ದಾಟಿದರೆ ಡಾಕ್ಟರಿಗೆ ಹೇಳುವುದು.

ಜಿಂಕೆಗೆ ಹೆದರಿ ಸತುವಿಗೆ ಹೋಗುವವರಿಗೆ ಒಂದು ಮಾತು. ಒಂದು ಒತ್ತು ಜಾಸ್ತಿ ಬಿದ್ದರೆ ಅದು ‘ಸತ್ತು ಮಾತ್ರೆ’.

ಪೊನ್ನಂಪೇಟೆಯಿಂದ:

ಅಕ್ಕಾ, ಆ ‘ಸತ್ತು’ ಓದಿದ ಮೇಲೆ ನಿದ್ದೆ ಬರಲಿಲ್ಲ. ಜಿಂಕ್ ಅಂತಲೇ ಕೊಟ್ಟೆ, ಮಾತ್ರೆ ಮಾತು ತೆಗೆದೆ. ಫಲಕ ಈಗ ಹೀಗಿದೆ: ‘ಮಗುವಿನ ಊಟದಲ್ಲಿ ಜಿಂಕ್ ಇರಲಿ: ಮೊಟ್ಟೆ, ಮಾಂಸ, ಮೊಳಕೆ ಕಾಳು. ಕೆಮ್ಮಿನ ಜೊತೆ ಉಸಿರು ಜೋರಾದರೆ, ಪಕ್ಕೆ ಸೆಳೆದರೆ ಕೂಡಲೇ ಆಸ್ಪತ್ರೆಗೆ ಬನ್ನಿ.’

ಮೈಸೂರಿನಿಂದ:

ಸೋತಿರಿ. ‘ಫ್ಲೆಕ್ಸ್’ಗೆ ಕನ್ನಡ ಏನು ಅಂತ ಒಬ್ಬರೂ ಕೇಳಲಿಲ್ಲ, ಗಮನಿಸಿದ್ದೇನೆ.

ಪೊನ್ನಂಪೇಟೆಯಿಂದ:

ಈಗಷ್ಟೇ ವಾಟ್ಸಾಪಿಗೆ ಕರಡು ಬಂತು. ಜಿಂಕ್ ಸರಿಯಾಗಿದೆ. ‘ಪಕ್ಕೆ ಸೆಳೆದರೆ’ ಇದ್ದದ್ದು ‘ಪಕ್ಕಿ ಸೆಳೆದರೆ’ ಆಗಿದೆ. ಕೊಡವ ತಕ್ಕಿನಲ್ಲಿ ಪಕ್ಕಿ ಅಂದ್ರೆ ಹಕ್ಕಿ. ಸ್ಕೂಟರ್ ಹತ್ತುತ್ತಿದ್ದೇನೆ.