ಪಿಎಚ್‌.ಡಿ ಮಾಡುವವರು ಸರ್ಕಾರದ ನೀತಿಯ ಕೆಲಸ ಕಲಿಯುವುದು ಎಲ್ಲಿ?

ಬೋರ್‌ವೆಲ್ ಹುಡುಗಿ:

ನಮಸ್ಕಾರ. ನಾನು ಅಂತರ್ಜಲದ ಕೆಮಿಸ್ಟ್ರಿಯಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ. ಊರು ಮುಳಬಾಗಿಲು ಕಡೆ. ಸ್ಯಾಂಪಲ್ ತರುವುದೂ ಅಲ್ಲಿಂದಲೇ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಹಳೇ ಕಥೆ. ಅದಕ್ಕೇ ಊರೂರಿಗೂ ಶುದ್ಧ ನೀರಿನ ಘಟಕ ಬಂತು. ನಾನು ನೋಡುತ್ತಿರುವುದು ಆ ಘಟಕ ಹೊರಗೆ ಬಿಡುವ ನೀರನ್ನು. ಅದರಲ್ಲಿ ಫ್ಲೋರೈಡ್ ಬೋರ್‌ವೆಲ್ ನೀರಿಗಿಂತಲೂ ಹೆಚ್ಚಿರುತ್ತದೆ. ಚರಂಡಿಗೋ, ಪಕ್ಕದ ಗುಂಡಿಗೋ ಹೋಗುತ್ತದೆ. ಕೆಲವು ಕಡೆ ದನ ಕುಡಿಯುತ್ತವೆ.

ಪೇಪರ್ ಬರೆಯುತ್ತೇನೆ, ಸರಿ. ಆದರೆ ನಮ್ಮ ಜಿಲ್ಲಾ ಪಂಚಾಯಿತಿಯಲ್ಲಿ ಅದನ್ನು ಯಾರು ಓದುತ್ತಾರೆ? ಹೋದ ತಿಂಗಳು ವಿಜ್ಞಾನ ಮತ್ತು ನೀತಿಯ ಬಗ್ಗೆ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಲಿಫ್ಟ್‌ನಲ್ಲಿ ಮಂತ್ರಿ ಸಿಕ್ಕರೆ ಎರಡೇ ನಿಮಿಷದಲ್ಲಿ ಹೇಗೆ ವಿಷಯ ಹೇಳುವುದು ಅಂತ ಅಭ್ಯಾಸ ಮಾಡಿಸಿದರು. ಊಟ ಚೆನ್ನಾಗಿತ್ತು. ಇದನ್ನೆಲ್ಲ ನಿಜವಾಗಿ ಕಲಿಸುವ ಜಾಗ ಎಲ್ಲಾದರೂ ಇದೆಯಾ?

ಪೋಸ್ಟ್‌ಡಾಕ್ ಪರದೇಶಿ:

ಬೆಂಗಳೂರಿನಲ್ಲೇ ಇವೆ. ಸಾರ್ವಜನಿಕ ನೀತಿ ಕಲಿಸುವ ತಕ್ಷಶಿಲಾ ಸಂಸ್ಥೆಯ ಸರ್ಟಿಫಿಕೇಟ್ ಕೋರ್ಸನ್ನು ಥೀಸಿಸ್ ಜೊತೆಗೇ ಮಾಡಬಹುದು. ಐಐಎಸ್‌ಸಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ನೀತಿ ಸಂಶೋಧನಾ ಕೇಂದ್ರ ಇದೆ. ಡಿಎಸ್‌ಟಿ ಪಾಲಿಸಿ ಫೆಲೋಶಿಪ್ ಕೂಡ ಕೊಡುತ್ತದೆ, ಅರ್ಜಿ ಕರೆಯುವುದನ್ನು ಗಮನಿಸುತ್ತಿರಿ. ಶಾಸನಗಳ ಬಗ್ಗೆ ಸಂಶೋಧನೆ ಮಾಡುವ ದೆಹಲಿಯ ಪಿಆರ್‌ಎಸ್ ಸಂಸ್ಥೆ ನಡೆಸುವ ಲ್ಯಾಂಪ್ ಫೆಲೋಶಿಪ್ ತುಂಬಾ ಚೆನ್ನಾಗಿದೆ, ಒಬ್ಬ ಸಂಸದರ ಜೊತೆ ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಕೆಲಸ. ಆದರೆ ವಯಸ್ಸಿನ ಮಿತಿ 25. ನೀವು ಬಹುಶಃ ಆಗಲೇ ಔಟ್.

ಅಮೆರಿಕದಲ್ಲಿ ಎಎಎಎಸ್ ಅನ್ನುವ ವಿಜ್ಞಾನಿಗಳ ಸಂಘ 1973ರಿಂದ ವಿಜ್ಞಾನಿಗಳನ್ನು ಒಂದು ವರ್ಷ ಕಾಂಗ್ರೆಸ್ ಸದಸ್ಯರ ಕಚೇರಿಗೇ ಕಳಿಸುತ್ತಿದೆ. ಬ್ರಿಟನ್ನಿನಲ್ಲಿ ಪಿಎಚ್‌.ಡಿ ವಿದ್ಯಾರ್ಥಿಗಳು ಮೂರು ತಿಂಗಳು ಪಾರ್ಲಿಮೆಂಟಿನಲ್ಲಿ ಕೂತು ಸಂಸದರಿಗೆ ಟಿಪ್ಪಣಿ ಬರೆಯುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಇಲ್ಲ.

ಇದು ಚಿಕ್ಕವರು ಮಾತ್ರ ಕಲಿಯಬೇಕಾದದ್ದು ಅಂದುಕೊಳ್ಳಬೇಡಿ. 2010ರಲ್ಲಿ ಬಿಟಿ ಬದನೆ, ಅಂದರೆ ಕುಲಾಂತರಿ ಬದನೆಯ ಗಲಾಟೆ ನಡೆದಾಗ ದೇಶದ ವಿಜ್ಞಾನಿಗಳ 6 ಅಕಾಡೆಮಿಗಳು ಸೇರಿ ಒಂದು ವರದಿ ಕೊಟ್ಟವು. ಅದರಲ್ಲಿ ಕೆಲವು ಸಾಲುಗಳು ಬೇರೊಂದು ಲೇಖನದಿಂದ ಹಾಗೇ ಬಂದಿದ್ದವು, ಆಧಾರಗಳ ಪಟ್ಟಿಯೂ ಇರಲಿಲ್ಲ. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಹಿರಂಗವಾಗಿ ಟೀಕಿಸಿದರು. ಆಮೇಲೆ ತಿದ್ದಿದ ವರದಿ ಬಂತು. ಲ್ಯಾಬಿನಲ್ಲಿ ಅಷ್ಟು ದೊಡ್ಡವರಾದವರೂ ಸರ್ಕಾರಕ್ಕೆ ಬರೆಯುವಾಗ ಎಡವಿದ್ದರು.

ಟಿಪ್ಪಣಿರಾಯ:

ನಾನು ವಿಜ್ಞಾನಿ ಅಲ್ಲಮ್ಮ. ಸಚಿವಾಲಯದಲ್ಲಿ ಶಾಖಾಧಿಕಾರಿಯಾಗಿದ್ದು ನಿವೃತ್ತನಾದವನು. ವಿಜ್ಞಾನಿಗಳ ಪತ್ರಗಳನ್ನು ಓದುವ ಕಡೆ ಕೂತಿದ್ದವನು ಅನ್ನಿ.

ಮೊದಲು ಲಿಫ್ಟ್ ವಿಚಾರ. ವಿಕಾಸಸೌಧದಲ್ಲಿ ಮಂತ್ರಿಗಳು ಲಿಫ್ಟ್ ಹತ್ತಿದರೆ ಗನ್‌ಮ್ಯಾನ್ ನಿಮ್ಮನ್ನು ಕೆಳಗಿಳಿಸುತ್ತಾನೆ. ಆ ಅಭ್ಯಾಸ ಬಿಡಿ.

ಕೆಲಸ ನಡೆಯುವುದು ಕಡತದಲ್ಲಿ. ಕೇಸ್ ವರ್ಕರ್ ಬರೆದ ಟಿಪ್ಪಣಿ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಂತ ಮೇಲೇರುತ್ತದೆ. ಮೇಲಿನವರು ತಿದ್ದುತ್ತಾರೆ, ಹೊಸದಾಗಿ ಬರೆಯುವುದು ಕಡಿಮೆ. ಅಂದರೆ ನಿಮ್ಮ ಮಾತು ಆ ಮೊದಲ ಟಿಪ್ಪಣಿಯಲ್ಲೇ ಇರಬೇಕು.

ನಿಮ್ಮ ಗುಂಡಿ ನೀರನ್ನೇ ತಗೊಳ್ಳಿ. ನಿಮಗೆ ಅದು ಒಂದು ಸಮಸ್ಯೆ, ಸರ್ಕಾರಕ್ಕೆ ನಾಲ್ಕು ಕಡತ. ಘಟಕ ಗ್ರಾಮೀಣ ಕುಡಿಯುವ ನೀರಿನವರದು. ಅಂತರ್ಜಲ ಸಣ್ಣ ನೀರಾವರಿಯದು. ಹಲ್ಲು, ಮೂಳೆ ಕೆಟ್ಟರೆ ಆರೋಗ್ಯ ಇಲಾಖೆ. ಆ ಕಾಯಿಲೆಗೆ, ಅಂದರೆ ಫ್ಲೋರೋಸಿಸ್‌ಗೆ ಅಂತಲೇ ಕೇಂದ್ರದ ಕಾರ್ಯಕ್ರಮ 2008-09ರಿಂದ ಇದೆ. ಹೊಲಸು ನೀರು ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿ. "ಸರ್ಕಾರ ಗಮನ ಹರಿಸಬೇಕು" ಅಂತ ಸುಮ್ನೆ ಬರೆದರೆ ನಾಲ್ವರೂ "ಸೂಕ್ತ ಕ್ರಮಕ್ಕಾಗಿ ವರ್ಗಾಯಿಸಿದೆ" ಅಂತ ಷರಾ ಹಾಕುತ್ತಾರೆ.

ಆದ್ದರಿಂದ ಯಾವ ಕಾಗದ ಬದಲಾಗಬೇಕು ಅನ್ನೋದನ್ನು ಮೊದಲು ಹುಡುಕಿ. ನನ್ನ ಅಂದಾಜಿಗೆ ನಿಮ್ಮದಕ್ಕೆ ಕಾಯಿದೆ ಬೇಡ. ಘಟಕದ ನಿರ್ವಹಣೆಗೆ ಟೆಂಡರ್ ಕರೆಯುತ್ತಾರಲ್ಲ, ಅದರ ಷರತ್ತಿನಲ್ಲಿ ಎರಡು ಸಾಲು ಸೇರಿದರೆ ಸಾಕು. ಉಳಿಕೆ ನೀರು ಎಲ್ಲಿಗೆ ಹೋಗಬೇಕು, ಅದನ್ನು ಯಾರು ಯಾವಾಗ ಪರೀಕ್ಷೆ ಮಾಡಿಸಬೇಕು. ಗುತ್ತಿಗೆ ಮುಗಿಯುವ ಮುಂಚೆ ಆ ಸಾಲುಗಳು ಮೇಜಿನ ಮೇಲಿರಬೇಕು. ಸಹಿಯಾದ ಮೇಲೆ ನೀವು ನೊಬೆಲ್ ತಂದರೂ ಮುಂದಿನ ಟೆಂಡರ್‌ವರೆಗೆ ಕಾಯಬೇಕು. ದುಡ್ಡು ಕೇಳುವ ವಿಷಯವಾದರೆ ಚಳಿಗಾಲದಲ್ಲೇ ಬನ್ನಿ, ಇಲಾಖೆಗಳು ಬಜೆಟ್ ಪ್ರಸ್ತಾವ ಮಾಡುವುದು ಆಗ. ಬಜೆಟ್ ಮಂಡಿಸಿದ ವಾರ ವಿಜ್ಞಾನಿಗಳ ಪತ್ರ ಬಂದರೆ ಅಯ್ಯೋ ಅನ್ನಿಸೋದು.

ಇನ್ನೊಂದು ದಾರಿ, ನಿಮ್ಮ ಶಾಸಕರ ಕೈಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸುವುದು. ಅದಕ್ಕೆ ಮಂತ್ರಿ ಸದನದಲ್ಲೇ ಉತ್ತರ ಹೇಳಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ಅಂಥ ಪ್ರಶ್ನೆ ಬಂದರೆ ಶಾಖೆಯಲ್ಲಿ ಯಾರಿಗೂ ಊಟ ಇಲ್ಲ, ಜಿಲ್ಲೆಗೆ ಫೋನ್ ಮೇಲೆ ಫೋನ್. "ಘಟಕಗಳ ಉಳಿಕೆ ನೀರನ್ನು ಎಲ್ಲಿ ಬಿಡಲಾಗುತ್ತಿದೆ? ಪರೀಕ್ಷೆ ಮಾಡಿಸಲಾಗಿದೆಯೇ?" ಇಷ್ಟು ಕೇಳಿಸಿ. ಇಲ್ಲ ಅಂತ ಸದನದಲ್ಲಿ ಹೇಳಲು ಯಾವ ಮಂತ್ರಿಗೂ ಇಷ್ಟ ಇರಲ್ಲ.

ಪತ್ರ ಒಂದೇ ಪುಟ, ಕನ್ನಡದಲ್ಲಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5. ನಿಮ್ಮ ಗುಂಡಿಯದು ಎಷ್ಟು, ಯಾವ ಊರು, ಯಾವ ದಿನ ಅಂತ ಬರೆಯಿರಿ. ಪರೀಕ್ಷೆ ಮಾಡಿದ ವಿಧಾನ ಎಲ್ಲ ಲಗತ್ತಿನಲ್ಲಿ. ಮತ್ತೆ, ನೀವೆಲ್ಲ ಕೊನೆಗೆ "ಹೆಚ್ಚಿನ ಸಂಶೋಧನೆ ಅಗತ್ಯ" ಅಂತ ಒಂದು ಸಾಲು ಬರೆಯುತ್ತೀರಲ್ಲ, ಅದನ್ನು ದಯವಿಟ್ಟು ತೆಗೆಯಿರಿ. "ಸಂಶೋಧನೆ ಪೂರ್ಣಗೊಂಡ ನಂತರ ಪರಿಶೀಲಿಸಬಹುದು" ಅಂತ ಬರೆದು ಕಡತ ಮುಚ್ಚಲು ಅದೊಂದೇ ಸಾಕು.

ಇದನ್ನು ತರಗತಿಯಲ್ಲಿ ಹೇಳಿಕೊಡುವುದು ಕಷ್ಟ. ಕಾರ್ಯಾಗಾರ ಮಾಡುವವರು ಹುಡುಗರನ್ನು ಒಂದು ವಾರ ಯಾವುದಾದರೂ ಶಾಖೆಯಲ್ಲಿ ಕೂರಿಸಲಿ. ಒಂದು ಪತ್ರ ಟಪಾಲಿನಿಂದ ಎಲ್ಲಿಗೆ ಹೋಗುತ್ತದೆ ಅಂತ ಹಿಂದೆಯೇ ಹೋಗಿ ನೋಡಲಿ.

ಹಳೇ ಗೈಡ್:

ರಾಯರು ಹೇಳಿದ್ದಕ್ಕೆ ಎರಡು ತಕರಾರು. 1.5 ಅನ್ನೋದು ಕುಡಿಯುವ ನೀರಿನ ಮಿತಿ. ಹೊರಬಿಡುವ ನೀರಿಗೆ ಅದನ್ನು ಹಿಡಿದರೆ ಗುತ್ತಿಗೆದಾರನ ವಕೀಲ ಐದು ನಿಮಿಷದಲ್ಲಿ ಬಿಸಾಕುತ್ತಾನೆ. 1986ರ ಪರಿಸರ ನಿಯಮಗಳಲ್ಲಿ ಬೇರೆ ಅಳತೆ ಇದೆ: ಕೆರೆ, ಹೊಳೆಗೆ ಬಿಡುವುದಾದರೆ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ, ಒಳಚರಂಡಿಗಾದರೆ 15. ನಿಮ್ಮ ಗುಂಡಿ ಎರಡೂ ಅಲ್ಲ. ಆ ಗುಂಡಿಯಿಂದ ಪಕ್ಕದ ಬೋರ್‌ವೆಲ್‌ಗೆ ಇಳಿಯುತ್ತಿದೆ ಅಂತ ತೋರಿಸಿದ್ದೀರಾ?

ಇನ್ನು, ಗೊತ್ತಿಲ್ಲದ್ದನ್ನು ಪತ್ರದಿಂದ ತೆಗೆದುಬಿಡಿ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ನಾಳೆ ಯಾರಾದರೂ ಬೇರೆ ಅಂಕಿ ತಂದರೆ ಹೋಗುವುದು ನಿಮ್ಮ ಹೆಸರು. ಸ್ಯಾಂಪಲ್‌ಗೆ ಅನುಮತಿ ಕೊಟ್ಟ ಪಂಚಾಯಿತಿಗೂ ಮೊದಲೇ ತಿಳಿಸಿ.

ಟಿಪ್ಪಣಿರಾಯ:

ಅಳತೆಯ ವಿಷಯದಲ್ಲಿ ಮೇಷ್ಟ್ರ ಮಾತೇ ಸರಿ. ಗೊತ್ತಿಲ್ಲದ್ದನ್ನೂ ಬರೆಯಲಿ, ಬೇಡ ಅನ್ನಲ್ಲ. ಆದರೆ "ಪಕ್ಕದ ಬೋರ್‌ವೆಲ್ ಪರೀಕ್ಷೆ ಇನ್ನೂ ಆಗಿಲ್ಲ, ಇಲಾಖೆಯ ಪ್ರಯೋಗಾಲಯವೇ ಮಾಡಿಸಬೇಕು" ಅಂತ ಬರೆಯಲಿ. ಆಗ ಅದು ಕಡತ ಮುಚ್ಚುವ ಸಾಲಾಗಲ್ಲ, ಯಾರೋ ಒಬ್ಬರು ಮಾಡಬೇಕಾದ ಕೆಲಸವಾಗುತ್ತದೆ.

ಬೋರ್‌ವೆಲ್ ಹುಡುಗಿ:

ಪಕ್ಕದ ಬೋರ್‌ವೆಲ್ ಸ್ಯಾಂಪಲ್ ನನ್ನ ಹತ್ತಿರ ಇಲ್ಲ ಸರ್. ಮಳೆ ಶುರುವಾಗುವ ಮುಂಚೆ ತರುತ್ತೇನೆ. ರಾಯರೇ, ಪತ್ರ ಯಾರ ಹೆಸರಿಗೆ ಬರೆಯಲಿ? ನೇರ ಮಂತ್ರಿಗಳಿಗಾ?

ಟಿಪ್ಪಣಿರಾಯ:

ಬೇಡ. ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ. ಪ್ರತಿ, ಗ್ರಾಮೀಣ ಕುಡಿಯುವ ನೀರಿನ ಕಾರ್ಯಪಾಲಕ ಇಂಜಿನಿಯರಿಗೆ. ಕೊಡುವ ಮುಂಚೆ ಇಂಜಿನಿಯರನ್ನು ಕಂಡು ಅಂಕಿ ತೋರಿಸಿ, ಪತ್ರ ನೋಡಿ ಅವರು ಗಾಬರಿಯಾಗಬಾರದು. ಬೆಳಿಗ್ಗೆ ಹೋಗಬೇಡಿ, ಮೀಟಿಂಗ್ ಇರುತ್ತವೆ. ಮೂರು ಗಂಟೆ ಮೇಲೆ ಹೋಗಿ. ಟಪಾಲಿನಲ್ಲಿ ಕೊಟ್ಟ ಮೇಲೆ ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.