ದೆಹಲಿಯಲ್ಲಿ ಸೋಮವಾರ ಏನು ನೋಡೋದು? ಸಹಾಯ ಬೇಕು

ಅಪ್ಪ ಅಮ್ಮನ ಜೊತೆ ಹರಿದ್ವಾರಕ್ಕೆ ಹೊರಟಿದ್ದೇವೆ, ನಡುವೆ ದೆಹಲಿಗೆ ಸಿಗೋದು ಒಂದೇ ದಿನ, ಅದೂ ಸೋಮವಾರ. ಕೆಂಪು ಕೋಟೆ, ಕಮಲ ಮಂದಿರ, ಅಕ್ಷರಧಾಮ ಮೂರಕ್ಕೂ ಅವತ್ತೇ ರಜೆ! ಆಗಸ್ಟ್ 15ಕ್ಕೆ ಟಿವಿಯಲ್ಲಿ ನೋಡೋ ಕೋಟೆಯನ್ನೇ ಕಾಣಬೇಕು ಅಂತ ಅಪ್ಪನ ಆಸೆ. ರೈಲಿನ ದಿನ ಬದಲಿಸೋಣ ಅಂದ್ರೆ ಎಲ್ಲಾ ವೇಟಿಂಗ್ ಲಿಸ್ಟ್. ಸದ್ಯಕ್ಕೆ ಬೆಳಿಗ್ಗೆ ಕುತುಬ್ ಮಿನಾರ್, ಸಂಜೆ ಇಂಡಿಯಾ ಗೇಟ್ ಅಂತ ಇಟ್ಟುಕೊಂಡಿದ್ದೇನೆ. (1981ರ ಕಾಲ್ತುಳಿತದ ನಂತರ ಮಿನಾರ್ ಒಳಗೆ ಹತ್ತಲು ಬಿಡೋದಿಲ್ಲ, ಅಮ್ಮನ ಮಂಡಿಗೆ ಒಳ್ಳೇದೇ ಆಯ್ತು.) ತಲೆ ಕೆಡ್ತಿರೋದು ಮಧ್ಯಾಹ್ನದ್ದು. ಹುಮಾಯೂನ್ ಸಮಾಧಿ ಸೋಮವಾರವೂ ತೆರೆದಿರುತ್ತೆ, ಆದರೆ ಜಗಲಿಗೆ ಹತ್ತೋ ಕಲ್ಲಿನ ಮೆಟ್ಟಿಲು ತುಂಬಾ ಎತ್ತರೆತ್ತರ. ಅಮ್ಮ ಕೆಳಗೆ ತೋಟದಲ್ಲೇ ಕೂತು ನೋಡಿದರೆ ಸಾಕಾ, ಅಥವಾ ಅದನ್ನು ಬಿಟ್ಟು ಕೋಟೆಯನ್ನು ಹೊರಗಿಂದಲೇ ತೋರಿಸೋದು ಮೇಲಾ? ವಯಸ್ಸಾದವರನ್ನು ಕರ್ಕೊಂಡು ಹೋಗಿರೋರು ಹೇಳಿ.