ಸಹಾಯ ಬೇಕು: ಹಳೇ ಮಾರುತಿ 800ರ ಮುಂದಿನ ಆಕ್ಸಲ್, ಸಿವಿ ಜಾಯಿಂಟ್

ಎಲ್ಲರಿಗೂ ನಮಸ್ಕಾರ. ನಾನು ಸಾಗರದವನು. ಅಪ್ಪ ಓಡಿಸುತ್ತಿದ್ದ 2004ರ ಮಾರುತಿ 800 ಈಗ ನನ್ನ ಹತ್ತಿರ ಇದೆ. ಮಾರುವ ಮನಸ್ಸಿಲ್ಲ.

ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಹೊರಟರೆ ಎಡಗಡೆ ಮುಂದಿನ ಚಕ್ರದಿಂದ ಕಟ್ ಕಟ್ ಶಬ್ದ ಬರುತ್ತದೆ. ಬಗ್ಗಿ ನೋಡಿದೆ. ಹೊರಗಿನ ಸಿವಿ ಜಾಯಿಂಟಿನ (ಚಕ್ರ ಎತ್ತ ತಿರುಗಿದರೂ ಆಕ್ಸಲ್‌ನಿಂದ ಅದಕ್ಕೆ ಶಕ್ತಿ ದಾಟಿಸುವ ಕೀಲು) ಗ್ರೀಸ್ ಹಿಡಿದಿಡುವ ರಬ್ಬರ್ ಬೂಟ್ ಹರಿದಿದೆ, ಗ್ರೀಸೆಲ್ಲ ರಿಮ್ಮಿನ ಒಳಗೆ ಸಿಡಿದಿದೆ. ಮಳೆಗಾಲದ ಕೆಸರು ಒಳಗೆ ಹೋಗಿರಬೇಕು. ಶಬ್ದ ಶುರುವಾದ ಮೇಲೆ ಸುಮ್ನೆ ಬೂಟ್ ಹಾಕಿ ಗ್ರೀಸ್ ತುಂಬಿದರೆ ಪ್ರಯೋಜನ ಇಲ್ಲ ಅಲ್ವಾ?

ಬಲಗಡೆ ಬೂಟ್ ಚೆನ್ನಾಗಿದೆ, ಶಬ್ದವೂ ಇಲ್ಲ. ಆದರೂ ಮೆಕ್ಯಾನಿಕ್ ಎರಡೂ ಆಕ್ಸಲ್ ಬದಲಿಸೋಣ ಅಂತಿದ್ದಾರೆ. ನಿಜವಾಗಲೂ ಬೇಕಾ? ಎಡಗಡೆಗೆ ಜಾಯಿಂಟ್ ಮಾತ್ರ ಸಾಕಾ, ಪೂರ್ತಿ ಆಕ್ಸಲ್ ಶಾಫ್ಟೇ ಹಾಕಿಸಲಾ? ಹಳೇ ಗಾಡಿಯಿಂದ ಬಿಚ್ಚಿದ ಶಾಫ್ಟ್ ನಂಬಬಹುದಾ? ಹೊಸದೇ ಆಗಬೇಕು ಅಂದರೆ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬರುತ್ತೇನೆ.

ಶಾಫ್ಟ್ ಎಳೆದಾಗ ಗೇರ್ ಆಯಿಲ್ ಹೇಗೂ ಸೋರುತ್ತದೆ. ಹಾಗಾಗಿ ಸೋರಿಕೆ ತಡೆಯುವ ಆಯಿಲ್ ಸೀಲ್, ಶಾಫ್ಟನ್ನು ಚಕ್ರದ ಹಬ್ಬಿಗೆ ಬಿಗಿಯುವ ಹಬ್ ನಟ್ ಎರಡನ್ನೂ ಆಗಲೇ ಹೊಸದು ಹಾಕಿಸುತ್ತೇನೆ. ವೀಲ್ ಬೇರಿಂಗ್ ಕೂಡ ನೋಡಿಸಲಾ?

ಮುಂದಿನ ತಿಂಗಳು ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಶಿವಮೊಗ್ಗಕ್ಕೆ ಇದೇ ಕಾರಿನಲ್ಲಿ ಕರೆದುಕೊಂಡು ಹೋಗಬೇಕು. ಈ ಕೆಲಸ ಮಾಡಿಸಿದವರು ಎಷ್ಟು ಖರ್ಚಾಯಿತು ಅಂತಲೂ ದಯವಿಟ್ಟು ತಿಳಿಸಿ.